ಗೋಲ್‌ಕೀಪರಿಗೆ ಒಂದು ವಾರ ರಜೆ

ನಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿ ಒಂದು ನಿಯಮವಿದೆ. ಒಗೆದು, ಒಣಗಿಸಿ, ಇಸ್ತ್ರಿಯಾದ ಹಾಸಿಗೆ ಬಟ್ಟೆ ಪೂರ್ತಿ ಒಂದು ದಿನ ಕಪಾಟಿನಲ್ಲಿ ಮಲಗಬೇಕು. ಬಿಸಿ ಆರುವ ಮೊದಲೇ ವಾರ್ಡಿಗೆ ಕಳಿಸಿದರೆ ನೂಲು ಸುಸ್ತಾಗುತ್ತದೆ, ಎರಡು ವರ್ಷ ಬಾಳಬೇಕಾದ ಚಾದರ ಒಂದೇ ವರ್ಷಕ್ಕೆ ಹರಿಯುತ್ತದೆ. ಈ ನಿಯಮ ಕಾಯುವವಳು ನಾನು. ಕಪಾಟಿನ ಕೋಣೆಯ ಬೀಗದ ಕೈ ಹತ್ತೊಂಬತ್ತು ವರ್ಷದಿಂದ ನನ್ನ ಸೊಂಟದಲ್ಲಿದೆ. ಹೆಡ್ ನರ್ಸ್ ಬಂದು ಕೈ ಮುಗಿದರೂ, ದೊಡ್ಡ ಡಾಕ್ಟರು ಫೋನು ಮಾಡಿ ಗದರಿದರೂ ಮಲಗಿರುವ ಚಾದರವನ್ನು ನಾನು ಎಬ್ಬಿಸಿ ಕೊಟ್ಟವಳಲ್ಲ.

ನಾನು ತೋಡಿದ ಈ ಹಳ್ಳಕ್ಕೆ ನಾನೇ ಬಿದ್ದದ್ದು ಒಂದು ಸೋಮವಾರ, ಚಹಾದ ಹೊತ್ತಿನಲ್ಲಿ.

ನಮ್ಮದೊಂದು ಫುಟ್ಬಾಲ್ ತಂಡವಿದೆ. ಊರಿನ ಕೆಲಸದ ಹೆಂಗಸರ ಲೀಗಿನಲ್ಲಿ ಆಡುತ್ತೇವೆ. ಮೂವತ್ತು ದಾಟಿರಬೇಕು ಎಂಬುದೊಂದೇ ಷರತ್ತು. ಯಾವ ವಯಸ್ಸಿಗೆ ನಿಲ್ಲಿಸಬೇಕು ಎಂದು ಯಾರೂ ಹೇಳಿಲ್ಲವಾದ್ದರಿಂದ ಐವತ್ತೆರಡರ ನಾನೂ ಇದ್ದೇನೆ, ಗೋಲ್‌ಕೀಪರ್ ಆಗಿ. ಒಂಬತ್ತು ವರ್ಷದಲ್ಲಿ ಒಂದು ಪಂದ್ಯವನ್ನೂ ತಪ್ಪಿಸಿಲ್ಲ. ಜ್ವರ ಇದ್ದಾಗ ಆಡಿದ್ದೇನೆ. ನಾದಿನಿಯ ಮದುವೆಯ ದಿನ ಊಟಕ್ಕೂ ಫೋಟೋಗೂ ಮಧ್ಯೆ ಹೋಗಿ ಆಡಿ ಬಂದಿದ್ದೇನೆ. ಫೋಟೋದಲ್ಲಿ ನನ್ನ ಮೊಣಕೈಗೆ ಅಂಟಿದ ಮಣ್ಣು ಈಗಲೂ ಕಾಣುತ್ತದೆ.

ಆ ವರ್ಷ ನಾವು ಲೀಗಿನಲ್ಲಿ ಮೊದಲ ಸ್ಥಾನದಲ್ಲಿದ್ದೆವು. ಕೊನೆಯ ಪಂದ್ಯ ಅಂಚೆ ಕಚೇರಿಯವರ ಮೇಲೆ. ಅದನ್ನು ಹತ್ತು ಗೋಲಿನಿಂದ ಸೋತರೂ ನಮ್ಮ ಸ್ಥಾನ ಅಲ್ಲಾಡುವಂತಿರಲಿಲ್ಲ. ಅದಾದ ಮುಂದಿನ ಶನಿವಾರ ಸೆಮಿಫೈನಲ್. ನಮ್ಮ ಕೋಚು ಬಾಯ್ಲರ್ ಮಾಮ. ಲಾಂಡ್ರಿಯ ಬಾಯ್ಲರ್ ನೋಡಿಕೊಳ್ಳುವವನು, ಇನ್ನೇನು ನಿವೃತ್ತಿಯ ಅಂಚು. ಜೀವಮಾನದಲ್ಲಿ ಚೆಂಡು ಒದ್ದವನಲ್ಲ. ಆದರೆ ಟೀವಿಯಲ್ಲಿ ನೋಡದ ಪಂದ್ಯವಿಲ್ಲ. ಅವನು ಚಹಾದ ಲೋಟ ಕೆಳಗಿಟ್ಟು, ಜೇಬಿನಿಂದ ಚೀಟಿ ತೆಗೆದು, ಅಂಚೆಯವರ ಪಂದ್ಯಕ್ಕೆ ಐದು ಜನರಿಗೆ ವಿಶ್ರಾಂತಿ ಎಂದು ಓದಿದ. ಮೊದಲ ಹೆಸರು ನನ್ನದು.

"ನನಗೇನಾಗಿದೆ ಮಾಮ?" ಅಂದೆ.

"ಏನೂ ಆಗ್ಬಾರ್ದು ಅಂತಲೇ. ನೀನೇ ಹೇಳಮ್ಮ, ಬಿಸಿ ಚಾದರ ವಾರ್ಡಿಗೆ ಕಳಿಸ್ತೀಯಾ?"

"ಕಳಿಸಲ್ಲ."

"ಯಾಕೆ?"

"ನೂಲು ಹೋಗುತ್ತೆ."

"ಮತ್ತೆ ನಿನ್ನ ಮಂಡಿಯಲ್ಲಿರೋದು ಏನು, ತಂತೀನಾ?"

ಹದಿನಾಲ್ಕು ಹೆಂಗಸರು ಒಟ್ಟಿಗೆ ನಕ್ಕರು. ನಗದವಳು ಒಬ್ಬಳೇ, ಏಣಿ. ಇಸ್ತ್ರಿ ಯಂತ್ರದ ವಿಭಾಗಕ್ಕೆ ಮೂರು ತಿಂಗಳ ಹಿಂದೆ ಬಂದವಳು. ಮೂವತ್ತನಾಲ್ಕು ವಯಸ್ಸು, ನಿಂತ ಕಡೆಯಿಂದಲೇ ಮೇಲಿನ ಕಪಾಟು ಒರೆಸುವಷ್ಟು ಎತ್ತರ. ಏಣಿ ಎಂದು ಹೆಸರಿಟ್ಟದ್ದು ನಾನೇ. ನಮ್ಮ ಎರಡನೆಯ ಗೋಲ್‌ಕೀಪರ್ ಅವಳು. ಇದುವರೆಗೆ ಅವಳು ಕಾದದ್ದೆಲ್ಲ ನನ್ನ ನೀರಿನ ಬಾಟಲಿಯನ್ನು. ಅವಳು ಕಣ್ಣು ಕೆಳಗೆ ಮಾಡಿ ಚಹಾ ಕುಡಿಯುತ್ತಿದ್ದಳು. ಆದರೆ ಕಿವಿ ಕೆಂಪಾಗಿತ್ತು. ಸಂತೋಷವನ್ನು ಬಚ್ಚಿಡಲು ಕಿವಿಗೆ ಬರುವುದಿಲ್ಲ.

ನನ್ನ ಮಂಡಿ ಸರಿಯಿರಲಿಲ್ಲ, ನಿಜ. ಮೆಟ್ಟಿಲು ಹತ್ತುವ ಮೊದಲು ಅದಕ್ಕೊಂದಿಷ್ಟು ಸಮಾಧಾನ ಹೇಳಬೇಕಿತ್ತು. ಆದರೆ ನನಗೆ ಭಯವಿದ್ದದ್ದು ಮಂಡಿಯದ್ದಲ್ಲ. ನಾನು ಒಂದು ದಿನ ಕೂತರೆ, ನಾನಿಲ್ಲದೆಯೂ ನಡೆಯುತ್ತದೆ ಎಂದು ಎಲ್ಲರಿಗೂ ಗೊತ್ತಾಗಿಬಿಡುತ್ತದೆ. ಇನ್ನೊಬ್ಬಳು ನಿಂತು, ಚೆನ್ನಾಗಿಯೇ ನಿಂತು, ಸೆಮಿಫೈನಲಿಗೆ ನನ್ನನ್ನು ಕರೆಯದಿದ್ದರೆ? ಐವತ್ತೆರಡರಲ್ಲಿ ಒಮ್ಮೆ ಕೈಬಿಟ್ಟ ಜಾಗ ಮತ್ತೆ ಸಿಗುತ್ತದೆಯೇ?

"ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ," ಎಂದು ನಾಯಕಿ ಇಸ್ತ್ರಿ ಅಕ್ಕ ನನ್ನ ಕಿವಿಯಲ್ಲಿ ಸಮಾಧಾನ ಹೇಳಿದಳು. "ಒಂದು ಪಂದ್ಯ ಅವಳೂ ಒಗೀಲಿ ಬಿಡು."

ಬಾಯ್ಲರ್ ಮಾಮ ಅಷ್ಟಕ್ಕೆ ಬಿಡಲಿಲ್ಲ. ಮನೆಗೂ ಒಂದು ಚೀಟಿ ಕೊಟ್ಟು ಕಳಿಸಿದ. ನಮ್ಮ ಮನೆಯವರು ಅದನ್ನು ಊಟದ ಮೇಜಿನ ಮುಂದೆ ನಿಂತು ಸರ್ಕಾರಿ ಆದೇಶದಂತೆ ಓದಿದರು. "ಶನಿವಾರದವರೆಗೆ ಬಗ್ಗುವಂತಿಲ್ಲ. ಭಾರ ಎತ್ತುವಂತಿಲ್ಲ. ಒಂದೇ ಕಡೆ ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ."

ಓದಿ ಮುಗಿಸಿ, "ಶುದ್ಧ ತಪ್ಪು," ಅಂದರು. ಅವರು ಬಸ್ ಡ್ರೈವರ್. ಜಗತ್ತಿನ ಯಾವ ವಿಷಯವಿದ್ದರೂ ಬಸ್ಸಿನಲ್ಲೇ ಹತ್ತಿಸಿ ನೋಡುತ್ತಾರೆ. "ನಿಂತ ಬಸ್ಸು ಬೆಳಿಗ್ಗೆ ಸ್ಟಾರ್ಟ್ ಆಗಲ್ಲ ಕಣೆ. ಓಡ್ತಾ ಇರೋ ಇಂಜಿನ್ನನ್ನ ಯಾರಾದ್ರೂ ಆಫ್ ಮಾಡ್ತಾರಾ?"

"ಭಾನುವಾರ ಮಧ್ಯಾಹ್ನ ನೀವು ಮೂರು ಗಂಟೆ ಆಫ್ ಆಗಿರ್ತೀರಲ್ಲ?"

"ಅದು ಸರ್ವೀಸಿಂಗು."

"ಸೆಮಿಫೈನಲ್ ಇರೋದು ನಿಮ್ಮ ಡಿಪೋದ ಕಂಡಕ್ಟರಮ್ಮಂದಿರ ಮೇಲೆ. ನನ್ನ ಮಂಡಿ ಸವೆದಷ್ಟೂ ಅವರಿಗೆ ಲಾಭ. ಈ ಮಾತು ಅವರೇ ಹೇಳಿ ಕಳಿಸಿದ್ರಾ?"

"ಛೇ, ನಾನು ಮನೆ ಪಕ್ಷ," ಅಂದರು. ಆದರೆ ಮುಖ ಬೇರೆ ಕಡೆ ತಿರುಗಿಸಿ ಅಂದರು.

ನಮ್ಮ ಅತ್ತೆಗೆ ಎಪ್ಪತ್ತೆಂಟು. ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದವರು, "ಬಗ್ಗದೆ, ನಿಲ್ಲದೆ, ಎತ್ತದೆ ಇವಳು ಅಡುಗೆ ಹೇಗೆ ಮಾಡ್ತಾಳೆ?" ಎಂದು ಕೇಳಿದರು.

ಮನೆಯವರು ಚೀಟಿ ಮಗುಚಿ ಹಿಂಬದಿಯನ್ನೂ ನೋಡಿದರು. ಮಾಮನ ಚೀಟಿಯಲ್ಲಿ ಅದಕ್ಕೆ ಉತ್ತರವಿರಲಿಲ್ಲ.

"ಹಾಗಾದ್ರೆ ನಾನೇ ಮಾಡ್ತೀನಿ," ಎಂದು ಅತ್ತೆ ಎದ್ದರು. ಏಳುವಾಗ ಕುರ್ಚಿಯ ಕೈ ಕೂಡ ಹಿಡಿಯಲಿಲ್ಲ. ಎಷ್ಟೋ ವರ್ಷದಿಂದ ಗೆರೆಯಾಚೆ ಕಾಲು ಝಾಡಿಸುತ್ತ ಕರೆಗೆ ಕಾಯುತ್ತಿದ್ದ ಬದಲಿ ಆಟಗಾರ್ತಿಯಂತೆ ಸೀದಾ ಅಡುಗೆಮನೆಗೆ ನಡೆದರು. ಹೋಗುತ್ತ ಮಗನಿಗೆ, "ನೀನು ಬಾ, ಆಲೂಗಡ್ಡೆ ಸುಲಿ," ಅಂದರು.

ಗಂಡಸರು ಅಡುಗೆಮನೆಗೆ ಹೊಕ್ಕರೆ ಉಪ್ಪಿನ ಡಬ್ಬಿ ಸಿಗದೆ ಒದ್ದಾಡುತ್ತಾರೆ ಎಂದು ಕೇಳಿದ್ದೆ. ನಾನು ಮಂಚದ ಮೇಲೆ ಕಾಲು ಚಾಚಿ, 'ಉಪ್ಪೆಲ್ಲಿ?' ಎಂಬ ಕೂಗು ಈಗ ಬರುತ್ತದೆ, ಇನ್ನೇನು ಬರುತ್ತದೆ ಎಂದು ಕಾದೆ. ಬರಲಿಲ್ಲ. ಬಂದದ್ದು ಒಗ್ಗರಣೆಯ ಘಮ. ಮಂಗಳವಾರ ಊಟ ನನ್ನದಕ್ಕಿಂತ ಅರ್ಧ ಗಂಟೆ ಮೊದಲೇ ಆಯಿತು. ಬುಧವಾರ ಒಲೆಯ ಹಿಂದಿನ ಗೋಡೆ ಫಳಫಳ ಹೊಳೆಯಿತು. ಅದರ ಬಣ್ಣ ಹಳದಿ ಎಂದು ನನಗೆ ಅಂದೇ ಗೊತ್ತಾದದ್ದು. ತಾಯಿ ಮಗ ಒಳಗೆ ಏನೋ ಹೇಳಿಕೊಂಡು ನಗುತ್ತಿದ್ದರು. ಒಂದು ಕಡೆಯಿಂದ ಸುಖವೇ. ಇನ್ನೊಂದು ಕಡೆಯಿಂದ, ಒಂದಾದರೂ ಪಾತ್ರೆ ಸೀದು ಹೋಗಬಾರದೇ ಎಂದು ಮನಸ್ಸು ಕಾಯುತ್ತಿತ್ತು. ಇಂಥ ಮನಸ್ಸನ್ನು ಕಟ್ಟಿಕೊಂಡು ವಿಶ್ರಾಂತಿ ಪಡೆಯುವುದು ಸುಲಭವಲ್ಲ.

ಗುರುವಾರ ಸಂಜೆ ಅತ್ತೆಯ ಬಳಿ ಹೋಗಿ ಕೂತೆ. "ಸುಸ್ತಾಯ್ತೇನೋ ನಿಮಗೆ. ಭಾನುವಾರದಿಂದ ನಾನೇ ನೋಡ್ಕೊತೀನಿ."

ಅವರು ಚಾಕು ನಿಲ್ಲಿಸಲಿಲ್ಲ. "ನೀನು ಈ ಮನೆಗೆ ಬಂದ ಹೊಸದರಲ್ಲಿ ನನಗೆ ಸೊಂಟ ಹಿಡ್ಕೊಂಡಿತ್ತು. ನೆನಪಿದೆಯಾ? 'ಅತ್ತೆ, ಎರಡು ದಿನ ಕೂತ್ಕೊಳ್ಳಿ, ನಾನು ನೋಡ್ಕೊತೀನಿ' ಅಂದೆ."

"ಹೂಂ, ಅಂದಿದ್ದೆ."

"ಇಪ್ಪತ್ತಾರು ವರ್ಷ ಆಯ್ತು."

ನಾನು ಅವರ ಮುಖ ನೋಡಿದೆ. ಕೋಪವೇನೂ ಇರಲಿಲ್ಲ. ಆಲೂಗಡ್ಡೆ ಒಂದೇ ಸಮ ಹೋಳಾಗುತ್ತಿತ್ತು.

"ನೀವು ವಾಪಸ್ ಕೇಳ್ಲೇ ಇಲ್ವಲ್ಲ ಅತ್ತೆ?"

"ಹೇಗೆ ಕೇಳೋದು? ಸೊಂಟ ಸರಿಹೋದ ಮೇಲೆ ನೀನು 'ಇನ್ನು ನೀವೇ ಮಾಡ್ತೀರಾ?' ಅಂತ ಕೇಳಿದೆ. 'ಪರವಾಗಿಲ್ಲ ಬಿಡು, ನೀನೇ ಮಾಡಮ್ಮ' ಅಂದುಬಿಟ್ಟೆ, ಮರ್ಯಾದೆಗೆ. ನೀನು ಆಯ್ತು ಅಂದೆ. ಆಡಿದ ಮಾತು ವಾಪಸ್ ತಗೊಳ್ಳೋಕೆ ನಾಚಿಕೆ ಆಯ್ತು." ಹೋಳುಗಳನ್ನು ಬೋಗುಣಿಗೆ ತಳ್ಳಿ, "ನಿನ್ನ ಕೈ ಅಡುಗೆ ಚೆನ್ನಾಗೇ ಇತ್ತು. ಅದೇ ತೊಂದರೆ ಆಗಿದ್ದು," ಅಂದರು.

ಶನಿವಾರ ಮೈದಾನದಲ್ಲಿ ನನಗೆ ಬೆಂಚಿನ ಮೇಲೆ ಜಾಗ ಸಿಕ್ಕಿತು. ಒಂಬತ್ತು ವರ್ಷದಲ್ಲಿ ಆ ಬೆಂಚಿನ ಮೇಲೆ ನಾನು ಚೀಲ ಇಟ್ಟಿದ್ದೆನೇ ಹೊರತು ಕೂತಿರಲಿಲ್ಲ. ಅದರ ಒಂದು ಕಾಲು ಗಿಡ್ಡ ಎಂದು ಕೂತವರಿಗಷ್ಟೇ ಗೊತ್ತು. ಅಂಚೆಯವರಿಗೆ ಅದು ವರ್ಷದ ಕೊನೆಯ ಆಟ. ಉಳಿಸಿಕೊಳ್ಳಲು ಏನೂ ಇಲ್ಲದವರ ಹಾಗೆ ನುಗ್ಗಿ ನುಗ್ಗಿ ಬಂದರು. ಐದನೇ ನಿಮಿಷಕ್ಕೆ ಒಂದು ಬಲವಾದ ಹೊಡೆತ. ಏಣಿ ಪಕ್ಕಕ್ಕೆ ಹಾರಲೂ ಇಲ್ಲ, ಸುಮ್ಮನೆ ಕೈ ಚಾಚಿದಳು, ಚೆಂಡು ತಾನಾಗಿ ಬಂದು ಅದರಲ್ಲಿ ಕೂತಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ನನ್ನ ಚಪ್ಪಾಳೆ ಮಾತ್ರ ಸ್ವಲ್ಪ ತಡವಾಗಿ ಬಂತು.

ಒಂದು ಗೋಲು ಬಿಡಲಿ ಎಂದು ನಾನು ಬೇಡಿಕೊಳ್ಳಲಿಲ್ಲ. ಬೇಡಿಕೊಳ್ಳದೆ ಇರಲು ಪಟ್ಟ ಕಷ್ಟ ನನಗೇ ಗೊತ್ತು.

ದ್ವಿತೀಯಾರ್ಧದಲ್ಲಿ ಅವಳ ದೋಷ ಕಂಡಿತು. ಏಣಿ ಬಾಯಿ ಬಿಡುವುದಿಲ್ಲ. ಗೋಲ್‌ಕೀಪರಿಗೆ ಕೈ ಎಷ್ಟು ಮುಖ್ಯವೋ ಗಂಟಲೂ ಅಷ್ಟೇ. ಎತ್ತರದ ಚೆಂಡು ಬಂದರೆ "ನಂದು!" ಎಂದು ಕೂಗಬೇಕು. ಕೂಗದಿದ್ದರೆ ನಮ್ಮವರೇ ನಮ್ಮ ಮೈಮೇಲೆ ಬೀಳುತ್ತಾರೆ. ಅಂಚೆಯವರಿಗೆ ಒಂದು ಕಾರ್ನರ್ ಸಿಕ್ಕಿತು, ಚೆಂಡು ಬಳುಕುತ್ತ ಬಂತು, ಏಣಿ ಗೆರೆಯ ಮೇಲೆ ಗೂಟದ ಹಾಗೆ ನಿಂತೇ ಇದ್ದಳು.

"ನಿಂದು! ಮುಂದೆ ಬಾರೇ, ನಿಂದು!"

ಕೂಗಿದ್ದು ಯಾರು ಎಂದು ನಾನೂ ಒಮ್ಮೆ ಆಚೀಚೆ ನೋಡಿದೆ. ನಾನೇ. ಬೆಂಚಿನ ಮೇಲೆ ಎದ್ದು ನಿಂತಿದ್ದೆ. ಏಣಿ ಮುಂದೆ ಹಾರಿ ಚೆಂಡನ್ನು ಗುದ್ದಿ ಹೊರಗೆ ಅಟ್ಟಿದಳು. ಅಲ್ಲಿಂದ ಕೊನೆಯವರೆಗೆ ನಾನು ಬಾಯಿ ಮುಚ್ಚಲಿಲ್ಲ. ಎಡಕ್ಕೆ, ಬಲಕ್ಕೆ, ನಿಲ್ಲು, ಬಿಡು. ಪಂದ್ಯ ಗೋಲಿಲ್ಲದೆ ಮುಗಿಯಿತು. ವಿಶ್ರಾಂತಿಗೆಂದು ಕೂರಿಸಿದ ಐದು ಜನರಲ್ಲಿ ಗಾಯವಾದದ್ದು ನನಗೊಬ್ಬಳಿಗೆ, ಗಂಟಲಿಗೆ. ಎರಡು ದಿನ ದನಿಯೇ ಇರಲಿಲ್ಲ. ಮನೆಯವರು, "ಈ ವಿಶ್ರಾಂತಿ ಪದ್ಧತಿ ಅಷ್ಟೇನೂ ಕೆಟ್ಟದ್ದಲ್ಲ," ಅಂದರು.

ಸೋಮವಾರ ಬಾಯ್ಲರ್ ಮಾಮ ಸೆಮಿಫೈನಲ್ ಪಟ್ಟಿ ಅಂಟಿಸಲಿಲ್ಲ. ಮಂಗಳವಾರವೂ ಇಲ್ಲ. ಬುಧವಾರ ಅಂಟಿಸಿದ. ಹತ್ತು ಜಾಗಕ್ಕೆ ಹತ್ತು ಹೆಸರು. ಗೋಲ್‌ಕೀಪರ್ ಎಂಬುದರ ಮುಂದೆ ಖಾಲಿ.

"ಇದೇನು ಮಾಮ?" ಎಂದು ಪಿಸುದನಿಯಲ್ಲಿ ಕೇಳಿದೆ. ಬೇರೆ ದನಿ ಇನ್ನೂ ಬಂದಿರಲಿಲ್ಲ.

"ನಿನ್ನನ್ನ ಕೂರಿಸಿದ್ದೇ ಈ ಪಂದ್ಯಕ್ಕೆ ಉಳಿಸ್ಕೊಳ್ಳೋಕೆ. ಅವಳು ನೋಡಿದ್ರೆ ಒಂದೂ ಬಿಡ್ಲಿಲ್ಲ. ನೀವಿಬ್ರೇ ಕೂತು ಮಾತಾಡ್ಕೊಳಿ ತಾಯಿ, ನನಗೆ ಬಿಪಿ ಇದೆ," ಎಂದು ಬಾಯ್ಲರ್ ಕೋಣೆಗೆ ಹೋಗಿ ಒಳಗಿಂದ ಚಿಲಕ ಹಾಕಿಕೊಂಡ.

ಊಟದ ಬಿಡುವಿನಲ್ಲಿ ಏಣಿ ಕಪಾಟಿನ ಕೋಣೆಗೆ ಬಂದಳು. ಸುತ್ತ ಚಾದರಗಳು ಮಲಗಿದ್ದವು. ನಾವಿಬ್ಬರೂ ಪಕ್ಕದವರ ಮನೆಗೆ ಮೊದಲ ಸಲ ಹೋದವರಂತೆ ಕುರ್ಚಿಯ ತುದಿಯಲ್ಲಿ ಕೂತೆವು.

"ನೀವೇ ಆಡಿ ಅಕ್ಕ," ಅಂದಳು. "ನಿಮ್ಮ ಅನುಭವದ ಮುಂದೆ ನಾನೆಷ್ಟರವಳು."

"ಹಾಗೇನಿಲ್ಲಮ್ಮ. ನೀನೇ ಆಡು. ಚೆನ್ನಾಗಿ ಆಡಿದೀಯ."

"ಇಲ್ಲ ಇಲ್ಲ, ನೀವೇ."

"ನಾನು ಎಷ್ಟೋ ಆಡಿದೀನಿ. ನೀನು ಆಡು, ಪರವಾಗಿಲ್ಲ."

ಈ ಆಟ ಹೇಗೆ ನಡೆಯಬೇಕೆಂದು ಎಲ್ಲ ಹೆಂಗಸರಿಗೂ ಗೊತ್ತು. ಕೊನೆಯ ತುತ್ತು ತಟ್ಟೆಯಲ್ಲಿ ಉಳಿದಾಗ, ಒಂದೇ ಕುರ್ಚಿ ಖಾಲಿಯಿದ್ದಾಗ, ನಾವು ಹೀಗೇ ಅಂದುಕೊಳ್ಳುತ್ತೇವೆ. ಮೂರು ಸಲ ಬೇಡ ಅನ್ನಬೇಕು, ನಾಲ್ಕನೆಯ ಸಲಕ್ಕೆ ಹಿರಿಯಳಾದವಳು ನಿಟ್ಟುಸಿರಿಟ್ಟು ಒಪ್ಪಿಕೊಳ್ಳಬೇಕು. ನಾನು ನನ್ನ ನಿಟ್ಟುಸಿರು ಸಿದ್ಧ ಮಾಡಿಕೊಳ್ಳುತ್ತಿದ್ದೆ.

"ಆಯ್ತು ಅಕ್ಕ," ಅಂದಳು ಏಣಿ. "ನಾನೇ ಆಡ್ತೀನಿ."

ಒಂದು ಕ್ಷಣ ನನಗೆ ಅರ್ಥವೇ ಆಗಲಿಲ್ಲ. ಅವಳು ಎದ್ದು ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟಳು. ಅವಳ ಒಂದು ಹೆಜ್ಜೆ ನಮ್ಮ ಎರಡು ಹೆಜ್ಜೆಗೆ ಸಮ. ಇನ್ನೆರಡು ಇಟ್ಟರೆ ಅವಳು ಹೊರಗೆ, ನನ್ನ ಹೆಸರು ಪಟ್ಟಿಯ ಹೊರಗೆ. ಆಲೂಗಡ್ಡೆ ಹೆಚ್ಚುತ್ತಿದ್ದ ಅತ್ತೆಯ ಬೆರಳುಗಳು ಕಣ್ಣಮುಂದೆ ಬಂದವು. ಇಪ್ಪತ್ತಾರು ವರ್ಷ ಸೇರಿಸಿದರೆ ನನಗೆ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕಿದೆ. ಎಪ್ಪತ್ತೆಂಟು.

"ನಿಲ್ಲು," ಅಂದೆ. ದನಿ ಒಡೆದು ಕೀರಲಾಗಿ ಬಂತು. "ನಾನು ಅಂದದ್ದು ಸುಳ್ಳು."

"ಯಾವುದು ಅಕ್ಕ?"

"ಪರವಾಗಿಲ್ಲ ಅಂದೆನಲ್ಲ, ಅದು. ಪರವಾಗಿದೆ. ಮರ್ಯಾದೆಗೆ ಅಂದೆ. ನನಗೆ ಆಡ್ಬೇಕು. ತುಂಬಾ ಆಡ್ಬೇಕು."

ಮುಖ ಬಿಸಿಯಾಯಿತು. ಐವತ್ತೆರಡು ವರ್ಷದಲ್ಲಿ ಕೊಟ್ಟ ಮರ್ಯಾದೆಯನ್ನು ಕೈ ಚಾಚಿ ವಾಪಸ್ ಕಿತ್ತುಕೊಂಡದ್ದು ಅದೇ ಮೊದಲು. ಏಣಿ ಬಾಗಿಲಿಗೆ ಒರಗಿ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು.

"ಅಯ್ಯೋ ಅಕ್ಕ, ಮೊದಲೇ ಹೇಳೋದಲ್ವಾ? ನಾನೂ ಮರ್ಯಾದೆಗೇ ಬೇಡ ಅಂದಿದ್ದು. ಮೂರು ತಿಂಗಳಿಂದ ನಿಮ್ಮ ಬಾಟಲಿ ಹಿಡ್ಕೊಂಡು ನಿಂತಿದೀನಿ. ನನಗೂ ಆಡ್ಬೇಕು."

"ಈಗೇನು ಮಾಡೋದು?"

"ಸೆಮಿಫೈನಲ್ ನಿಮ್ಮದು," ಅಂದಳು. ಬೆರಳೆತ್ತಿ, "ಫೈನಲ್ ನಂದು. ಮರ್ಯಾದೆ ಮಾತಲ್ಲ, ಖರೇ ಮಾತು."

ಫೈನಲ್ ಯಾವ ಕಾಲಕ್ಕೋ ಎಂದುಕೊಂಡು ನಾನು ಹೂಂ ಅಂದೆ. ಕೈ ಕುಲುಕಿದೆವು. ನನ್ನ ಕೈ ಅವಳ ಕೈಯೊಳಗೆ ಕಾಣದೇ ಹೋಯಿತು.

ಸೆಮಿಫೈನಲ್ ದಿನ ನಮ್ಮ ಮನೆಯವರು ಡ್ಯೂಟಿಯಿಂದ ಸೀದಾ ಯೂನಿಫಾರ್ಮಿನಲ್ಲೇ ಬಂದರು. ಈ ಕಡೆ ಹೆಂಡತಿ, ಆ ಕಡೆ ಡಿಪೋ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಸರಿಯಾಗಿ ಮಧ್ಯದ ಗೆರೆಯ ಹತ್ತಿರ ನಿಂತರು. ಪಕ್ಕದಲ್ಲಿ ಅತ್ತೆಗೊಂದು ಕುರ್ಚಿ.

ನಾಲ್ಕನೇ ನಿಮಿಷಕ್ಕೆ ಡಿಪೋದವರ ಒಂದು ಬಡಕಲು ಹೊಡೆತ ಉರುಳುರುಳಿ ಬಂತು. ಅದಕ್ಕೇ ಬರಲು ಮನಸ್ಸಿರಲಿಲ್ಲ. ಬಗ್ಗಿದೆ. ಎರಡು ವಾರ ಮೈದಾನದಲ್ಲಿ ಬಗ್ಗದ ಸೊಂಟ ಯೋಚಿಸಿ ಬಗ್ಗಿತು. ಚೆಂಡು ನನ್ನ ಕಾಲುಗಳ ಮಧ್ಯೆ ಹಾದು ಒಳಗೆ ಹೋಗಿ ಕೂತಿತು.

"ಹೇಳಿದ್ನಲ್ಲ!" ಎಂದು ಮನೆಯವರ ಕೂಗು ಇಡೀ ಮೈದಾನಕ್ಕೆ ಕೇಳಿಸಿತು. "ನಿಂತ ಬಸ್ಸು! ನಿಂತ ಬಸ್ಸು!"

ಬಾಯ್ಲರ್ ಮಾಮ ತಲೆಯ ಮೇಲೆ ಟವೆಲು ಹಾಕಿಕೊಂಡ.

ಆದರೆ ಅರ್ಧ ಗಂಟೆ ಕಳೆಯಿತು, ಮಂಡಿ ಮಾತಾಡಲಿಲ್ಲ. ಸಾಮಾನ್ಯವಾಗಿ ಅಷ್ಟು ಹೊತ್ತಿಗೆ ಅದು ಗೊಣಗಲು ಶುರು ಮಾಡಬೇಕು. ಒಮ್ಮೆ ಎಡಕ್ಕೆ ಹಾರಿದೆ, ಒಮ್ಮೆ ಬಲಕ್ಕೆ. ಬಿದ್ದವಳು ಯಾರ ಕೈಯನ್ನೂ ಹಿಡಿಯದೆ ಎದ್ದೆ. ಈಗ ಕೂಗುವ ಸರದಿ ಮಾಮನದು: "ನೂಲು! ನೂಲು ನೋಡ್ರೋ!" ಇಸ್ತ್ರಿ ಅಕ್ಕ ಒಂದು ಗೋಲು ಹೊಡೆದಳು, ಆಮೇಲೆ ಇನ್ನೊಂದು. ಮನೆಯವರು ಬಸ್ಸಿನದೇ ಸರಿ ಅಂತಾರೆ, ಮಾಮ ಚಾದರದ್ದೇ ಸರಿ ಅಂತಾನೆ. ಆ ಜಗಳ ಇವತ್ತಿಗೂ ತೀರ್ಮಾನವಾಗಿಲ್ಲ.

ಕೊನೆಯ ನಿಮಿಷ. ನಾವು ಎರಡು, ಅವರು ಒಂದು. ಡಿಪೋದ ದಪ್ಪ ಕಂಡಕ್ಟರಮ್ಮ ಬಿರುಸಾಗಿ ಒದ್ದಳು. ಚೆಂಡು ಮೇಲಿನ ಮೂಲೆಗೆ ಹೊರಟಿತು. ಆಗ, ಅದು ಗಾಳಿಯಲ್ಲಿದ್ದಾಗ, ನನಗೆ ಹೊಳೆಯಿತು. ಇದನ್ನು ಹಿಡಿದರೆ ಗೆದ್ದೆವು. ಗೆದ್ದರೆ ಫೈನಲ್. ಫೈನಲ್ ಏಣಿಯದು. ಇದನ್ನು ಹಿಡಿದರೆ ಬೆಂಚಿಗೆ ಹೋಗುವವಳು ನಾನೇ. ಬಿಟ್ಟರೆ ಯಾರೂ ಬೈಯುವುದಿಲ್ಲ, ಅಂಥ ಚೆಂಡು ಅದು.

ಇಷ್ಟನ್ನೂ ಯೋಚಿಸಿದ್ದು ತಲೆ. ಕೈಗೆ ಇವೆಲ್ಲ ಗೊತ್ತಿರಲಿಲ್ಲ. ತಲೆ ಇನ್ನೂ ಲೆಕ್ಕ ಹಾಕುತ್ತಿರುವಾಗಲೇ ಕೈ ಮೇಲೆ ಹೋಗಿತ್ತು. ಕಣ್ಣು ಬಿಟ್ಟಾಗ ನಾನು ನೆಲದ ಮೇಲೆ, ಚೆಂಡು ಎದೆಯ ಮೇಲೆ, ಸೀಟಿಯ ಸದ್ದು.

ಎಲ್ಲರಿಗಿಂತ ಮೊದಲು ಓಡಿ ಬಂದವಳು ಏಣಿ. ತಬ್ಬಿಕೊಳ್ಳುತ್ತಾಳೆ ಎಂದು ತೋಳು ತೆರೆದೆ. ಅವಳು ನನ್ನ ಮಣಿಕಟ್ಟು ಹಿಡಿದಳು.

"ಅಕ್ಕ, ಗ್ಲೌಸ್ ಬಿಚ್ಚಿ. ನೆಲಕ್ಕೆ ಉಜ್ಜಬೇಡಿ, ಮುಂದಿನ ಶನಿವಾರ ನನಗೆ ಬೇಕು."

"ಇವತ್ತಿನ ಶನಿವಾರ ಇನ್ನೂ ಮುಗಿದಿಲ್ಲ," ಅಂದೆ. "ಸಂಜೆವರೆಗೂ ನಂದೇ."

ಬಿಚ್ಚಲಿಲ್ಲ. ಮನೆಗೆ ಹೋಗುವ ಬಸ್ಸಿನಲ್ಲಿ ಟಿಕೆಟನ್ನೂ ಗ್ಲೌಸಿನಲ್ಲೇ ಹಿಡಿದೆ. ಎರಡು ಸಲ ಕೆಳಗೆ ಬಿತ್ತು. ಪಕ್ಕದಲ್ಲಿ ಕೂತಿದ್ದ ಅತ್ತೆ ಎರಡು ಸಲವೂ ಬಗ್ಗಿ ಎತ್ತಿಕೊಟ್ಟರು.